ನಿಮ್ಮ ಪಿಜ್ಜಾ ಅಂಗಡಿಯಲ್ಲಿ ಶನಿವಾರ ಮರದ ಗೊಂಬೆ ಮಾಡುವವರಿಗೆ ಮಾರಲು ಮೇಜು ಹಾಕಿಕೊಟ್ಟಿರಿ, ಅಂಗಡಿ ತುಂಬಿದ್ದರೂ ಗೊಂಬೆಯವರಿಗೆ ವ್ಯಾಪಾರ ಇಲ್ಲ ಅಂದಿರಲ್ಲ, ಅದಕ್ಕೆ
ತಪ್ಪು ಚನ್ನಪಟ್ಟಣದ ಗೊಂಬೆಗಳದ್ದಲ್ಲ, ನೀವು ಆರಿಸಿದ ಶನಿವಾರದ್ದು ಅನ್ನಿಸುತ್ತೆ. ಅವತ್ತು ಜನ ಹಸಿದು ಬರುತ್ತಾರೆ, ಟೇಬಲ್ ಸಿಕ್ಕರೆ ಸಾಕು ಅಂತಿರುತ್ತಾರೆ. ಚೀಸ್ ಮೆತ್ತಿದ ಕೈಯಲ್ಲಿ ಗೊಂಬೆ ಯಾರು ಮುಟ್ಟುತ್ತಾರೆ? ನಮ್ಮ ಅಂಗಡಿಯಲ್ಲಿ ನಾವೂ ಮೊದಲೆರಡು ಸಲ ಹೀಗೇ ಕೈ ಸುಟ್ಟುಕೊಂಡೆವು.

ಮೊದಲು ಬುಧವಾರಕ್ಕೆ ಬದಲಿಸಿ. ನಿಮ್ಮ ಬೀದಿಗೆ ಅದು ಒಗ್ಗುತ್ತದೋ ಇಲ್ಲವೋ, ಎರಡು ವಾರ ಮಾಡಿ ನೋಡಿದರೇ ಗೊತ್ತಾಗೋದು. ಆಮೇಲೆ ಗೊಂಬೆಯವರ ಮೇಜನ್ನು ಮೂಲೆಯಿಂದ ತೆಗೆದು, ಆರ್ಡರ್ ಕೊಟ್ಟು ಕಾಯುವ ಜಾಗಕ್ಕೆ ತನ್ನಿ. ಆ ಹದಿನೈದು ನಿಮಿಷವೇ ನಿಮ್ಮ ಬಂಡವಾಳ. ಬರೀ ಮಾರೋದಲ್ಲ, ಮಾಡಿ ತೋರಿಸಲಿ. ಲೇತಿನಲ್ಲಿ (ಮರ ತಿರುಗಿಸುವ ಯಂತ್ರ) ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಬಣ್ಣ ಹತ್ತುತ್ತೆ, ಮೇಲೆ ತಾಳೆಗರಿ ಉಜ್ಜಿದರೆ ಹೊಳಪು. ಮಕ್ಕಳು ಕದಲೋದೇ ಇಲ್ಲ. ಮರದ ಹೊಟ್ಟು ಹಾರುತ್ತೆ, ಹಾಗಾಗಿ ಲೇತ್ ಮಾತ್ರ ಬಾಗಿಲ ಹೊರಗಿರಲಿ.

ಜಾಗದ ಬಾಡಿಗೆ ಕೇಳಬೇಡಿ. ದುಡ್ಡು ಅವರದೇ ಕ್ಯೂಆರ್ ಕೋಡಿಗೆ ಹೋಗಲಿ, ಇಲ್ಲದಿದ್ದರೆ ಲೆಕ್ಕದಲ್ಲಿ ಮನಸ್ತಾಪ. ಮುಂದೆ ಉಪ್ಪಿನಕಾಯಿ, ಚಟ್ನಿಪುಡಿಯವರನ್ನು ಕರೆದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇದೆಯಾ ಕೇಳಿ. ಮೈಕ್ ಇಟ್ಟರೆ ರಾತ್ರಿ 10ಕ್ಕೆ ಬಂದ್ ಮಾಡಿ.