ಗಪ್ಪಿ ಮರಿ ಹಾಕಿದೆಯೆಂದು ತೊಟ್ಟಿಯನ್ನು ತೊಳೆಯಲು ಹೋಗಬೇಡಿ

ತಂದ ಗಪ್ಪಿ ಮೀನುಗಳೆಲ್ಲ ಹೆಣ್ಣು, ಗಂಡು ಒಂದೂ ಇಲ್ಲ, ಆದರೂ ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯಲ್ಲಿ ಮರಿಗಳು. ಅವೆಲ್ಲವನ್ನೂ ಉಳಿಸಿಕೊಳ್ಳಲು ಯಾವ ಹೆರಿಗೆ ಪೆಟ್ಟಿಗೆ (ಬಸುರಿ ಮೀನನ್ನೋ ಮರಿಗಳನ್ನೋ ಬೇರೆಯಾಗಿಡುವ ಪುಟ್ಟ ಡಬ್ಬಿ) ಕೊಳ್ಳಲಿ ಎಂದು ಕೇಳಿದ್ದೀರಿ. ಯಾವ ಪೆಟ್ಟಿಗೆಯನ್ನೂ ಕೊಳ್ಳಬೇಡಿ. ಅದಕ್ಕಿಂತ ಮುಖ್ಯವಾಗಿ, ಮರಿ ಬಂದವೆಂಬ ಸಂಭ್ರಮದಲ್ಲಿ ತೊಟ್ಟಿಯನ್ನು ತೊಳೆಯಬೇಡಿ. ಇದನ್ನು ನನಗೆ ಅಂದೇ ಯಾರಾದರೂ ಹೇಳಿದ್ದರೆ ನಮ್ಮ ಮನೆಯ ಮೊದಲ ಮರಿಗಳು ಬದುಕುತ್ತಿದ್ದವು.

ಆಗ ನಾವು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಲವತ್ತು ಲೀಟರಿನ ಪುಟ್ಟ ತೊಟ್ಟಿ, ಮಗಳೇ ಆರಿಸಿ ತಂದ ಗಪ್ಪಿಗಳು. ಮರಿಗಳನ್ನು ಮೊದಲು ನೋಡಿದವಳೂ ಅವಳೇ. "ಅಪ್ಪಾ, ನೀರಿನಲ್ಲಿ ಬರೀ ಕಣ್ಣುಗಳು ಓಡಾಡುತ್ತಿವೆ" ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆಗತಾನೇ ಹುಟ್ಟಿದ ಗಪ್ಪಿ ಮರಿ ಆರೇಳು ಮಿಲಿಮೀಟರ್ ಉದ್ದ; ಮೈ ಗಾಜಿನಂತೆ ಪಾರದರ್ಶಕ. ದೂರದಿಂದ ಕಾಣುವುದು ಎರಡು ಕಪ್ಪು ಚುಕ್ಕೆಗಳು ಮಾತ್ರ. ಹತ್ತಿರ ಹೋಗಿ ನೋಡಿದಾಗ ಒಂದು ಹೆಣ್ಣು ಇನ್ನೂ ಮರಿ ಹಾಕುತ್ತಲೇ ಇತ್ತು. ಮರಿ ಸುರುಳಿ ಸುತ್ತಿಕೊಂಡೇ ಹೊರಬಿದ್ದು, ತಳದ ಕಡೆಗೆ ಇಳಿಯುತ್ತ ಇಳಿಯುತ್ತ ಮೈ ಬಿಡಿಸಿ, ಸರಕ್ಕನೆ ಕಲ್ಲಿನ ಸಂದಿಗೆ ನುಗ್ಗಿತು. ಹುಟ್ಟಿದ ಕ್ಷಣದಿಂದಲೇ ಅದಕ್ಕೆ ಅಡಗಲು ಗೊತ್ತು.

ನಮ್ಮ ಅಮ್ಮ ಹಿಂದಿನಿಂದ, "ಬಾಣಂತಿಯನ್ನು ಇಂಥ ಪಾಚಿ ನೀರಿನಲ್ಲಿ ಇಡುತ್ತಾರೇನೋ?" ಎಂದರು. ನನಗೂ ಹೌದೆನಿಸಿತು. ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಪ್ರೀತಿಯಿಂದ ಮಾಡುವ ಕೆಲಸವಾದ್ದರಿಂದ ಇದನ್ನು ಯಾರೂ ತಪ್ಪೆಂದು ತಿಳಿಯುವುದೇ ಇಲ್ಲ.

ಮೀನು, ಮರಿಗಳನ್ನೆಲ್ಲ ಬಕೆಟ್ಟಿಗೆ ಹಾಕಿ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿದೆ. ಗಾಜಿನ ಪಾಚಿಯನ್ನು ಉಜ್ಜಿ ತೆಗೆದೆ. ತಳದ ಕಲ್ಲುಗಳನ್ನು ಅಕ್ಕಿ ತೊಳೆದ ಹಾಗೆ ತೊಳೆದೆ. ಫಿಲ್ಟರಿನ ಸ್ಪಂಜನ್ನು ಅಡುಗೆಮನೆಯ ನಲ್ಲಿಯ ಕೆಳಗೆ ಹಿಡಿದು, ಕಂದು ರಾಡಿ ನಿಂತು ತಿಳಿನೀರು ಬರುವವರೆಗೆ ಹಿಂಡಿದೆ. ಹೊಸ ನೀರಿಗೆ, ಅದರ ಕ್ಲೋರಿನ್ ಕಳೆಯುವ ಆಂಟಿಕ್ಲೋರಿನ್ ಹನಿಗಳನ್ನು ಮರೆಯದೆ ಹಾಕಿದ್ದೆ, ಆದ್ದರಿಂದ ಎಲ್ಲವೂ ಶಾಸ್ತ್ರೋಕ್ತವಾಗಿ ಆಯಿತೆಂಬ ಸಮಾಧಾನವಿತ್ತು. ತೊಟ್ಟಿ ಎಂದೂ ಅಷ್ಟು ಚೆಂದ ಕಂಡಿರಲಿಲ್ಲ.

ನಾನು ಚರಂಡಿಗೆ ಬಿಟ್ಟ ಆ ಕಂದು ರಾಡಿಯೇ ತೊಟ್ಟಿಯ ಜೀವವಾಗಿತ್ತು. ಮೀನು ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ಹೊರಬಿಡುತ್ತಿರುತ್ತದೆ. ಉಳಿದ ಆಹಾರ ಕೊಳೆತಾಗಲೂ ಅಮೋನಿಯಾವೇ ಹುಟ್ಟುತ್ತದೆ. ಅದು ಮೀನಿಗೆ ವಿಷ. ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುವ ಜಾತಿಯವಲ್ಲ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆದು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿಯ ನೀರಿನ ಕ್ಲೋರಿನ್‌ಗೆ ಸಿಕ್ಕಿ ಅವುಗಳಲ್ಲಿ ಬಹುಪಾಲು ಸತ್ತವು, ಉಳಿದವು ಹಿಂಡುವಾಗ ಕೊಚ್ಚಿಹೋದವು. ಆಂಟಿಕ್ಲೋರಿನ್ ಹಾಕಿದ್ದು ತೊಟ್ಟಿಯ ನೀರಿಗೆ. ಸ್ಪಂಜು ತೊಳೆದ ನಲ್ಲಿಯ ನೀರಿಗಲ್ಲ. ಇದು ನನಗೆ ಹೊಳೆಯಲೇ ಇಲ್ಲ.

ಅದರ ಮೇಲೆ, ಎಳೆಯ ಮರಿಗಳೆಂದು ದಿನಕ್ಕೆ ಹಲವು ಬಾರಿ ಆಹಾರ ಉದುರಿಸಿದೆ. ಅಂದರೆ ಅಮೋನಿಯಾವನ್ನು ತಿನ್ನುವವರನ್ನು ಹೊರಹಾಕಿ ಅಮೋನಿಯಾವನ್ನು ಹೆಚ್ಚಿಸಿದೆ. ತುಂಬಿಸಿದ ನೀರಿನಲ್ಲಿ ಕೊಳವೆಬಾವಿಯ ನೀರೂ ಸೇರಿತ್ತು. ಅದು ಗಡಸು ನೀರು, ಕ್ಷಾರೀಯ. ಗಪ್ಪಿಗೆ ಗಡಸು ನೀರು ಚೆನ್ನಾಗಿ ಒಗ್ಗುತ್ತದೆ, ಆದರೆ ನೀರು ಕ್ಷಾರೀಯವಾದಷ್ಟೂ ಅಮೋನಿಯಾದ ವಿಷ ಏರುತ್ತದೆ.

ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ತಾಯಿಮೀನು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗಿತು. ಮರಿಗಳು ಒಂದೊಂದಾಗಿ ತಳ ಸೇರಿದವು. ಅಮೋನಿಯಾಕ್ಕೆ ಬಣ್ಣವಿಲ್ಲ, ನೀರು ಸ್ವಚ್ಛವಾಗಿಯೇ ಹೊಳೆಯುತ್ತಿತ್ತು, ಮೀನುಗಳು ಅದರಲ್ಲೇ ಸಾಯುತ್ತಿದ್ದವು. ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಿದೆ, ಉಪ್ಪು ಹಾಕಿದೆ, ಗಾಳಿಯ ಪಂಪು ತಂದೆ. ಕೊನೆಗೆ ನಮ್ಮ ಬೀದಿಯಲ್ಲೇ ಬಹಳ ವರ್ಷಗಳಿಂದ ಮೀನು ಸಾಕುತ್ತಿದ್ದ ಹಿರಿಯರೊಬ್ಬರು ಬಂದು, ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು ಅಮೋನಿಯಾ ಪರೀಕ್ಷೆಯ ಹನಿಗಳನ್ನು ಹಾಕಿದರು. ಹಳದಿಯಾಗಿ ಉಳಿಯಬೇಕಾಗಿದ್ದ ನೀರು ಕಡು ಹಸಿರಿಗೆ ತಿರುಗಿತು. ಅವರು ಯಾವ ಔಷಧಿಯನ್ನೂ ಕೊಡಲಿಲ್ಲ. ಸ್ವಲ್ಪ ನೀರು ಬದಲಿಸಿ, ತಮ್ಮ ತೊಟ್ಟಿಯ ಕೊಳಕು ಸ್ಪಂಜನ್ನು ತಂದು ನಮ್ಮ ಫಿಲ್ಟರಿನ ಮೇಲೆ ಹಿಂಡಿದರು. ಬದುಕಿದ್ದ ಒಂದೆರಡು ದೊಡ್ಡ ಮೀನುಗಳು ಉಳಿದದ್ದು ಅದರಿಂದಲೇ ಎಂದು ನಾನು ಇಂದಿಗೂ ನಂಬಿದ್ದೇನೆ. ಮರಿಗಳಲ್ಲಿ ಒಂದೂ ಉಳಿಯಲಿಲ್ಲ.

ಆದ್ದರಿಂದ ನೀರು ಬದಲಿಸುವುದಾದರೆ ವಾರಕ್ಕೊಮ್ಮೆ ಕಾಲು ಭಾಗ, ಅಷ್ಟೇ. ಸ್ಪಂಜನ್ನು ತೊಳೆಯಲೇಬೇಕಾದರೆ ಹಾಗೆ ಹೊರತೆಗೆದ ತೊಟ್ಟಿಯ ನೀರಿನಲ್ಲೇ ಒಂದೆರಡು ಬಾರಿ ಅದ್ದಿ ಹಿಂಡಿ, ಮರಳಿ ಇಡಿ. ಗಾಜಿನ ಪಾಚಿ ಇರಲಿ. ಮರಿಗಳು ದಿನವಿಡೀ ಅದನ್ನು ಕೆರೆದು ತಿನ್ನುತ್ತಿರುತ್ತವೆ.

ಇನ್ನು ಪೆಟ್ಟಿಗೆ. ತುಂಬು ಬಸುರಿ ಮೀನನ್ನು ಅಂಗೈಯಷ್ಟು ಜಾಗದಲ್ಲಿ ಕೂಡಿಹಾಕಿದರೆ ಅದು ಬೆದರುತ್ತದೆ, ಗೋಡೆಗೆ ಗುದ್ದಿಕೊಳ್ಳುತ್ತದೆ. ಮರಿಗಳನ್ನು ಅದರಲ್ಲಿ ಬಿಟ್ಟರೆ ನೀರಿನ ಹರಿವು ಸಾಲದೆ ಉಳಿದ ಆಹಾರ ಅಲ್ಲೇ ಕೊಳೆಯುತ್ತದೆ. ಆ ಹಣಕ್ಕೆ ಒಂದು ಹಿಡಿ ಜಾವಾ ಮಾಸ್ ಅಥವಾ ತೇಲಾಡುವ ಹಾರ್ನ್‌ವರ್ಟ್ ಗಿಡ ತನ್ನಿ. ಒತ್ತಾದ ಹಸಿರು ಇದ್ದರೆ ಮರಿಗಳು ತಾವೇ ಅಡಗುತ್ತವೆ, ದೊಡ್ಡ ಮೀನು ಅಲ್ಲಿಗೆ ನುಗ್ಗಲಾರದು. ಗಿಡ ಅಮೋನಿಯಾವನ್ನೂ ಹೀರಿಕೊಳ್ಳುತ್ತದೆ. ಮರಿಗಳಿಗೆಂದು ಬೇರೆ ಆಹಾರವೇನೂ ಬೇಡ: ದೊಡ್ಡ ಮೀನಿಗೆ ಹಾಕುವುದನ್ನೇ ಹೆಬ್ಬೆರಳು, ತೋರುಬೆರಳಿನ ನಡುವೆ ಹೊಸಕಿ ಧೂಳು ಮಾಡಿ, ದಿನಕ್ಕೆ ಮೂರು ನಾಲ್ಕು ಸಲ ಚಿಟಿಕೆಗಿಂತಲೂ ಕಡಿಮೆ ಹಾಕಿ. ಬೇಯಿಸಿದ ಮೊಟ್ಟೆಯ ಹಳದಿ ಹಾಕಲು ಹೇಳುವವರಿದ್ದಾರೆ. ನಾನು ಬೇಡವೆನ್ನುತ್ತೇನೆ, ನೀರು ಕೆಡಿಸುವುದರಲ್ಲಿ ಅದನ್ನು ಮೀರಿಸುವ ಆಹಾರವಿಲ್ಲ.

ಗಂಡಿಲ್ಲದೆ ಹೇಗೆ ಎಂಬುದಕ್ಕೆ ಉತ್ತರ ಸರಳ. ಅಂಗಡಿಯಲ್ಲಿ ಗಂಡು ಹೆಣ್ಣು ಒಂದೇ ತೊಟ್ಟಿಯಲ್ಲಿರುತ್ತವೆ. ಹೆಣ್ಣು ಬಸುರಿಯಾಗಿಯೇ ನಿಮ್ಮ ಮನೆಗೆ ಬಂದಿದೆ. ಗಪ್ಪಿ ಮೊಟ್ಟೆಯಿಡುವುದಿಲ್ಲ, ಹೊಟ್ಟೆಯಲ್ಲೇ ಬೆಳೆಸಿ ಮರಿ ಹಾಕುತ್ತದೆ. ಒಮ್ಮೆ ಪಡೆದ ವೀರ್ಯವನ್ನು ಅದು ತಿಂಗಳುಗಟ್ಟಲೆ ದೇಹದಲ್ಲಿ ಕಾಪಿಟ್ಟುಕೊಳ್ಳಬಲ್ಲದು. ಹಾಗಾಗಿ ಗಂಡಿನ ಮುಖ ನೋಡದೆಯೇ ಇನ್ನೊಂದು ತಿಂಗಳಿಗೆ ಮತ್ತೆ ಮರಿ ಹಾಕಬಹುದು, ಅದರ ಮುಂದಿನ ತಿಂಗಳೂ ಹಾಕಬಹುದು. ಹೊಟ್ಟೆಯ ಹಿಂಭಾಗದ ಕಪ್ಪು ಮಚ್ಚೆ ದೊಡ್ಡದಾಗಿ, ಹೊಟ್ಟೆ ಚೌಕಾಕಾರಕ್ಕೆ ಬಂದರೆ ದಿನ ಹತ್ತಿರ ಬಂತೆಂದು ತಿಳಿಯಿರಿ.

ಎಲ್ಲವನ್ನೂ ಉಳಿಸಿಕೊಳ್ಳಬೇಕೆಂಬ ನಿಮ್ಮ ಆಸೆಯನ್ನು ನಾನು ಒಪ್ಪುವುದಿಲ್ಲ. ಒಂದು ಹೆಣ್ಣು ಒಂದು ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತಕ್ಕೂ ಹೆಚ್ಚು ಮರಿ ಹಾಕುತ್ತದೆ. ಎರಡು ಮೂರು ತಿಂಗಳಲ್ಲಿ ಆ ಮರಿಗಳೇ ಮರಿ ಹಾಕಲು ಸಿದ್ಧ. ಗಪ್ಪಿಯ ತವರಾದ ಟ್ರಿನಿಡಾಡ್‌ನಲ್ಲಿ ಸಂಶೋಧಕರು ಬಸುರಿ ಹೆಣ್ಣುಗಳನ್ನು ತೊಟ್ಟಿಗೊಂದರಂತೆ ಬಿಟ್ಟು ನೋಡಿದಾಗ, ಬಹುಪಾಲು ತೊಟ್ಟಿಗಳಲ್ಲಿ ಎರಡು ವರ್ಷದ ಬಳಿಕವೂ ಸಂತತಿ ಉಳಿದಿತ್ತು. ಒಂದೇ ಒಂದು ಹೆಣ್ಣಿನಿಂದ! ದೊಡ್ಡ ಮೀನುಗಳು ಕೆಲವು ಮರಿಗಳನ್ನು ತಿನ್ನುತ್ತವೆ, ಅದನ್ನು ನೋಡುವುದು ಕಷ್ಟ, ಮಗಳಿಗೆ ವಿವರಿಸುವುದು ಇನ್ನೂ ಕಷ್ಟವಾಯಿತು. ಆದರೆ ಎಲ್ಲವೂ ಉಳಿದು ಸಣ್ಣ ತೊಟ್ಟಿಯಲ್ಲಿ ಕಿಕ್ಕಿರಿದರೆ ಒಂದು ದಿನ ಎಲ್ಲವೂ ಒಟ್ಟಿಗೆ ಸಾಯುತ್ತವೆ. ಗಿಡದಲ್ಲಿ ಅಡಗಿ ಉಳಿದಷ್ಟು ಸಾಕು.

ಉಳಿದ ಮರಿಗಳಿಗೆ ಒಂದು ತಿಂಗಳು ತುಂಬುವ ಹೊತ್ತಿಗೆ ಹೊಟ್ಟೆಯ ಕೆಳಗಿನ ರೆಕ್ಕೆಯನ್ನು ಗಮನಿಸತೊಡಗಿ. ಗಂಡಿನಲ್ಲಿ ಅದು ಕಿರಿದಾಗಿ ಕಡ್ಡಿಯಂತಾಗುತ್ತದೆ, ಹೆಣ್ಣಿನಲ್ಲಿ ಅಗಲವಾಗಿಯೇ ಉಳಿಯುತ್ತದೆ. ಗಂಡುಗಳನ್ನು ಆಗಲೇ ಬೇರೆ ಮಾಡಿ. ಹೆಚ್ಚಾದವನ್ನು ಪರಿಚಯದವರಿಗೆ ಕೊಡಿ. ಎಷ್ಟೋ ಅಂಗಡಿಯವರೂ ತೆಗೆದುಕೊಳ್ಳುತ್ತಾರೆ.

ಪಕ್ಕದ ಕೆರೆಗೆ ಬಿಡಿ, ಸೊಳ್ಳೆ ತಿನ್ನುತ್ತವೆ ಎಂದು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೊಳ್ಳೆಮರಿ ತಿನ್ನುವುದು ನಿಜ. ಮಲೇರಿಯಾ ತಡೆಯಲು ಗಪ್ಪಿ, ಗಾಂಬೂಸಿಯಾ ಮೀನುಗಳನ್ನು ಆರೋಗ್ಯ ಇಲಾಖೆಯೇ ನಮ್ಮ ರಾಜ್ಯದ ಬಾವಿ, ತೊಟ್ಟಿಗಳಲ್ಲಿ ಬಿಟ್ಟಿದೆ. ಆದರೆ ಗಪ್ಪಿ ದಕ್ಷಿಣ ಅಮೆರಿಕದ ಕಡೆಯ ಮೀನು. ನಮ್ಮ ಕೆರೆಗಳಲ್ಲಿ ನಮ್ಮವೇ ಆದ ಸಣ್ಣ ಮೀನುಗಳಿವೆ, ಅವುಗಳ ಮೊಟ್ಟೆ ಮರಿಗಳಿವೆ. ಒಂದು ಹೆಣ್ಣು ಏನು ಮಾಡಬಲ್ಲದೆಂದು ಮೇಲೆ ಹೇಳಿದ್ದೇನೆ. ದಯವಿಟ್ಟು ಕೆರೆಗೆ ಬಿಡಬೇಡಿ, ಮಳೆನೀರಿನ ಚರಂಡಿಗೂ ಬೇಡ.

ನಿಮ್ಮ ತೊಟ್ಟಿ ಎಷ್ಟು ಲೀಟರಿನದು, ಫಿಲ್ಟರ್ ಯಾವ ಬಗೆಯದು ಎಂದು ನೀವು ಬರೆದಿಲ್ಲ. ನೀರೆಳೆಯುವ ಬಾಯಿ ತೆರೆದಿರುವ ಬಗೆಯದಾದರೆ ಮರಿಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ಇದನ್ನು ಓದಿದ ಕೂಡಲೇ ಆ ಬಾಯಿಗೆ ಒಂದು ತುಂಡು ಸ್ಪಂಜನ್ನೋ ಹಳೆಯ ನೈಲಾನ್ ಕಾಲುಚೀಲದ ತುಂಡನ್ನೋ ಕಟ್ಟಿ. ಮಿಕ್ಕದ್ದನ್ನು ಆಮೇಲೆ ಕೇಳಿ, ಹೇಳುತ್ತೇನೆ.