ನಾಟಕದಲ್ಲಿ ಇಲ್ಲದವರನ್ನು ತಂದರೆ ತಪ್ಪೇನು?

ಟಿಪ್ಪು ಸುಲ್ತಾನನನ್ನು ಕೊಂದವರು ಅಂತ ಒಂದು ನಾಟಕ ತೋರಿಸಿದ ಉರಿಗೌಡ, ನಂಜೇಗೌಡರ ಗಲಾಟೆ ಬಗ್ಗೆ ನೀವು ಕೇಳಿದ್ದೀರಿ: ನಾಟಕ ಅಂದಮೇಲೆ ಕಲ್ಪನೆ ಇದ್ದೇ ಇರುತ್ತೆ, ಅದಕ್ಯಾಕೆ ಅಷ್ಟು ಸಿಟ್ಟು ಅಂತ. ನಾನು ಶ್ರೀರಂಗಪಟ್ಟಣದವನು, ಮೈಸೂರಿನ ಸರ್ಕಾರಿ ರಂಗಸಂಸ್ಥೆ ರಂಗಾಯಣಕ್ಕೆ ನಾಟಕ ನೋಡೋಕೆ ಹೋಗಿಬರುವವನು. ಕಲ್ಪನೆ ಧಾರಾಳವಾಗಿ ಇರಲಿ. ಯಾಕೆ ಕಲ್ಪಿಸಿದರು ಅಂತ ಕೇಳುವ ಹಕ್ಕು ನೋಡುವವರಿಗೂ ಇದೆ, ಅಲ್ವಾ?

ನಮ್ಮೂರಲ್ಲಿ ಟಿಪ್ಪುವಿನ ದೇಹ ಸಿಕ್ಕಿದ ಜಾಗದಲ್ಲಿ ಒಂದು ಕಲ್ಲಿದೆ. ದೇಹ ಇಲ್ಲಿ ಸಿಕ್ಕಿತು ಅಂತಷ್ಟೇ ಅದರ ಮೇಲೆ ಬರೆದಿದೆ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಬ್ರಿಟಿಷ್ ಸೈನ್ಯದಲ್ಲಿ ಅವನನ್ನು ಕೊಂದವನು ಯಾರು ಅಂತ ಹೆಸರು ಸಿಕ್ಕಿಲ್ಲ. ಬರೆಯುವವರಿಗೆ ಇಂಥ ಖಾಲಿ ಜಾಗ ಅಂದರೆ ಹಬ್ಬ. ಟಿಪ್ಪು ಪರ್ಷಿಯನ್ನಿನಲ್ಲಿ ಬರೆದಿಟ್ಟ ಕನಸುಗಳನ್ನು ಹಿಡಿದು ಗಿರೀಶ ಕಾರ್ನಾಡರೂ ನಾಟಕ ಬರೆದರು. ಅವರ ಟಿಪ್ಪು ತೀರಾ ಸಜ್ಜನ ಅನ್ನೋದು ನನ್ನ ತಕರಾರು, ಅದು ಬೇರೆ ಮಾತು.

2022ರ ನವೆಂಬರಿನಲ್ಲಿ ರಂಗಾಯಣದ ಆಗಿನ ನಿರ್ದೇಶಕ ಅಡ್ಡಂಡ ಕಾರ್ಯಪ್ಪ ‘ಟಿಪ್ಪು ನಿಜ ಕನಸುಗಳು’ ಆಡಿಸಿದರು. ಅದರಲ್ಲಿ ಟಿಪ್ಪುವನ್ನು ಕೊಲ್ಲುವುದು ಉರಿಗೌಡ, ನಂಜೇಗೌಡ ಅನ್ನುವ ಇಬ್ಬರು ಒಕ್ಕಲಿಗ ವೀರರು. ಟಿಪ್ಪುವಿನ ಕ್ರೌರ್ಯ ತೋರಿಸೋಕೆ ಇವರು ಬೇಕೇ ಇರಲಿಲ್ಲ. ಮೇಲುಕೋಟೆ ಇಲ್ಲೇ ಇದೆಯಲ್ಲ. ಟಿಪ್ಪು ಕಾಲದಲ್ಲಿ ತಮ್ಮವರ ಹತ್ಯೆ ಆಯಿತು ಅಂತ ಅಲ್ಲಿನ ಮಂಡ್ಯಂ ಅಯ್ಯಂಗಾರರು ಇವತ್ತಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ. ತಲೆಮಾರುಗಳಿಂದ ಹಬ್ಬವನ್ನೇ ಬಿಟ್ಟ ಮನೆಗಳು. ನಾಟಕಕ್ಕೆ ಇನ್ನೇನು ಬೇಕು? ಕೊಡಗಿನವರ ನೋವೂ ಇದೆ. ಆದರೆ ಅಯ್ಯಂಗಾರರ ಓಟು ಎಷ್ಟಿದೆ ಹೇಳಿ. ಮಂಡ್ಯದಲ್ಲಿ ಲೆಕ್ಕಕ್ಕೆ ಬರುವುದು ಒಕ್ಕಲಿಗರ ಓಟು.

ಇದು ನನ್ನ ಅನುಮಾನ ಅಂತಲೇ ಇಟ್ಟುಕೊಳ್ಳಿ. ಮುಂದೆ ಆದದ್ದು ನೋಡಿ. ವಿಧಾನಸಭೆ ಚುನಾವಣೆಗೆ ಎರಡು ತಿಂಗಳಿತ್ತು. 2023ರ ಮಾರ್ಚ್ 12ಕ್ಕೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಸ್ವಾಗತ ಕಮಾನಿಗೆ ಈ ಇಬ್ಬರ ಹೆಸರು! ಜನ ಗಲಾಟೆ ಮಾಡಿದ ಮೇಲೆ ತೆಗೆದರು. ಆಗ ಮಂತ್ರಿಯಾಗಿದ್ದ ಮುನಿರತ್ನ ಸಿನಿಮಾನೇ ಮಾಡ್ತೀನಿ ಅಂದರು. ಪಾತ್ರಗಳು ರಂಗದಿಂದ ಇಳಿದು ಪ್ರಚಾರಕ್ಕೆ ಹೊರಟಾಯಿತು. ಇನ್ನು ಕಲ್ಪನೆ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಆಗಲ್ಲ, ದಾಖಲೆ ಕೊಡಬೇಕು.

ಹಾಗಂತ ನಾಟಕ ನಿಲ್ಲಿಸಿ ಅನ್ನುವವರ ಜೊತೆ ನಾನಿಲ್ಲ. ಬೆಂಗಳೂರಿನ ಕೋರ್ಟು ಆ ನಾಟಕದ ಪುಸ್ತಕದ ಮಾರಾಟಕ್ಕೆ ತಾತ್ಕಾಲಿಕ ತಡೆ ಕೊಟ್ಟಾಗ ನನ್ನ ಗೆಳೆಯರು ಖುಷಿಪಟ್ಟರು, ನನಗೆ ಕಸಿವಿಸಿ ಆಯಿತು. ಸಿನಿಮಾ ಕಥೆ ಇನ್ನೂ ವಿಚಿತ್ರ. ಒಕ್ಕಲಿಗರ ಮಠ ಆದಿಚುಂಚನಗಿರಿಯ ಸ್ವಾಮೀಜಿ ಮುನಿರತ್ನರನ್ನು ಕರೆಸಿ, ದಾಖಲೆ ಇಲ್ಲದೆ ಬೇಡ ಅಂದರು. ಅವರು ಸಿನಿಮಾ ಕೈಬಿಟ್ಟರು. ಸ್ವಾಮೀಜಿ ಹೇಳಿದ್ದು ಸರಿಯಾದ ಮಾತೇ. ಇತಿಹಾಸದ ಮೇಷ್ಟ್ರುಗಳು ಅದನ್ನೇ ಮೊದಲಿನಿಂದ ಹೇಳುತ್ತಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಾಳೆ ಯಾವುದೋ ಮಠ ಒಂದು ಒಳ್ಳೆಯ ನಾಟಕವನ್ನೂ ಹೀಗೇ ಕರೆಸಿ ನಿಲ್ಲಿಸಿದರೆ, ಇವತ್ತು ಚಪ್ಪಾಳೆ ಹೊಡೆದವರು ಯಾವ ಬಾಯಲ್ಲಿ ಬೇಡ ಅಂತಾರೆ?