ಒಂದು ಮೀಟರ್ ಪಟ್ ಯಾಕೆ ತಪ್ಪುತ್ತದೆ?

ಪ್ರಶ್ನೆ: ಸರ್, ನಾನು ಬಂಗಾರಪೇಟೆಯವನು. ಭಾನುವಾರ ಸ್ನೇಹಿತರ ಜೊತೆ ಕೆಜಿಎಫ್‌ನಲ್ಲಿ ಗಾಲ್ಫ್ ಆಡುತ್ತೇನೆ. ದೂರದ ಹೊಡೆತ ಪರವಾಗಿಲ್ಲ. ಗ್ರೀನ್‌ಗೆ (ಹೋಲ್ ಇರುವ, ಹುಲ್ಲು ನುಣ್ಣಗೆ ಕತ್ತರಿಸಿದ ಜಾಗ) ಬಂದರೆ ಮಾತ್ರ ಒಂದು ಮೀಟರ್ ಪಟ್, ಅಂದರೆ ಬಾಲನ್ನು ಹೋಲ್‌ಗೆ ಉರುಳಿಸುವ ಹೊಡೆತ ಕೂಡ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ಪಟ್ಟರ್ (ಪಟ್ ಹೊಡೆಯುವ ಕೋಲು) ನೇರವಾಗಿ ಆಡಬೇಕು ಅಂತ ಒಬ್ಬರು, ಕಮಾನಿನ ಹಾಗೆ ಬರಬೇಕು ಅಂತ ಇನ್ನೊಬ್ಬರು. ಹೊಸ ಪಟ್ಟರ್ ತಗೊಳ್ಳಲಾ?

ಉತ್ತರ: ಸುಮ್ನೆ ದುಡ್ಡು ಹಾಕಬೇಡಿ. ಒಂದು ಲೆಕ್ಕ ನೋಡಿ. ಹೋಲ್‌ನ ಅಗಲ 108 ಮಿಲಿಮೀಟರ್. ಸಮತಟ್ಟಾದ ಗ್ರೀನ್ ಮೇಲೆ ಬಾಲ್ 1 ಡಿಗ್ರಿ ಓರೆಯಾಗಿ ಹೊರಟರೆ ಒಂದು ಮೀಟರ್ ದೂರಕ್ಕೆ ಸುಮಾರು 17 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಪೂರ್ತಿ ತಪ್ಪಬೇಕಾದರೆ 3 ಡಿಗ್ರಿಗಿಂತ ಜಾಸ್ತಿ ತಿರುಗಬೇಕು. ಅಷ್ಟು ತಿರುಗಿಸುವುದು ಪಟ್ಟರ್ ಅಲ್ಲ, ನಿಮ್ಮ ಕೈ. ಅದರಲ್ಲೂ ಎರಡೂ ಕಡೆ ತಪ್ಪುತ್ತಿದೆ ಅಂದರೆ ನನ್ನ ಅನುಮಾನ ಮಣಿಕಟ್ಟಿನ ಮೇಲೆ.

ನೇರವೋ ಕಮಾನೋ ಅನ್ನುವ ಜಗಳ ಬಿಡಿ. ಬಾಲ್ ಎತ್ತ ಹೊರಡುತ್ತದೆ ಅನ್ನುವುದು ಬಹುಪಾಲು ತಾಗುವ ಗಳಿಗೆಯಲ್ಲಿ ಪಟ್ಟರ್ ಮುಖ (ಬಾಲ್‌ಗೆ ತಾಗುವ ಬದಿ) ಎತ್ತ ತಿರುಗಿದೆ ಅನ್ನುವುದರ ಮೇಲೆ ನಿಂತಿದೆ. ನಾವು ಬಾಲ್ ಪಕ್ಕದಲ್ಲಿ ನಿಂತು ಹೊಡೆಯುತ್ತೇವೆ ಅಲ್ವಾ, ಸಣ್ಣ ಕಮಾನು ತಾನಾಗಿಯೇ ಬರುತ್ತದೆ. ಬರಲಿ.

ಹೊಡೆದ ಮೇಲೆ ಬಾಲ್ ಹಿಂದೆ ಕಣ್ಣು ಓಡಿಸದೆ ಹಾಗೇ ನಿಂತು ನಿಮ್ಮ ಕೈ ನೋಡಿಕೊಳ್ಳಿ. ನೀವು ಬಲಗೈ ಆಟಗಾರರಾಗಿದ್ದು, ಎಡ ಮಣಿಕಟ್ಟು ಮಡಿದು ಪಟ್ಟರ್ ತಲೆ ಕೈಗಳನ್ನು ದಾಟಿ ಮುಂದೆ ಹೋಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಹೆಚ್ಚಿನವರಲ್ಲಿ ಇದು ಶುರುವಾಗುವುದು ಪಟ್ಟರ್ ಹಿಂದಕ್ಕೆ ಜಾಸ್ತಿ ಎಳೆದು, ಅಯ್ಯೋ ಜೋರಾಯ್ತು ಅಂತ ಅರ್ಧ ದಾರಿಯಲ್ಲಿ ಬ್ರೇಕ್ ಹಾಕುವುದರಿಂದ. ತೋಳು ನಿಲ್ಲುತ್ತದೆ, ಪಟ್ಟರ್ ತಲೆ ನಿಲ್ಲುವುದಿಲ್ಲ, ಮುಖ ಎತ್ತಲೋ ತಿರುಗುತ್ತದೆ. ಹಿಂದಕ್ಕೆ ಕಡಿಮೆ ಎಳೆಯಿರಿ. ಹಿಡಿತ ಸಡಿಲವಿರಲಿ, ಭುಜ ಮಾತ್ರ ಗಡಿಯಾರದ ಲೋಲಕದ ಹಾಗೆ ತೂಗಲಿ.

ಮನೆಯಲ್ಲಿ ಜಮಖಾನ ಹಾಸಿ, ಅದರ ಪಟ್ಟೆಯ ಮೇಲೆ ಬಾಲ್ ಇಡಿ. ಪಟ್ಟರ್ ಮುಖ ಪಟ್ಟೆಗೆ ಅಡ್ಡವಾಗಿ ಕೂತಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. 30 ಸೆಂಟಿಮೀಟರ್ ಮುಂದೆ ಎರಡು ಸ್ಟೀಲ್ ಲೋಟ ಬೋರಲು ಹಾಕಿ (ಅಡುಗೆಮನೆಯಲ್ಲಿ ಕೇಳಿಯೇ ತಗೊಳ್ಳಿ). ಬಾಲ್ ಅವುಗಳ ನಡುವೆ ಹಾದುಹೋಗುವಾಗ ಎರಡೂ ಕಡೆ ತಲಾ 5 ಮಿಲಿಮೀಟರ್ ಜಾಗ ಉಳಿಯಬೇಕು. ಠಣ್ ಅಂದರೆ 1 ಡಿಗ್ರಿ ತಪ್ಪಿದಿರಿ ಅಂತ. ಸದ್ದಿಲ್ಲದೆ ದಾಟಿದರೆ ಒಂದು ಮೀಟರ್ ಪಟ್ ಚಿಂತೆ ಇಲ್ಲ.

ವೇಗ ಬೇರೆ ಕಥೆ. ಜೋರಾಗಿ ಬಂದ ಬಾಲ್ ಹೋಲ್ ಅಂಚಿಗೆ ತಾಗಿ ಆಚೆ ಹಾರುತ್ತದೆ. ತಪ್ಪಿದರೆ ಒಂದಡಿ ಆಚೆ ನಿಲ್ಲುವಷ್ಟು ಸಾಕು. ಬೆಳಗ್ಗೆ ಇಬ್ಬನಿಗೆ ಬಾಲ್ ನಿಧಾನ, ಬಿಸಿಲೇರಿ ಹುಲ್ಲು ಒಣಗಿದರೆ ಅದೇ ಹೊಡೆತಕ್ಕೆ ದೂರ ಓಡುತ್ತದೆ.

ಇಷ್ಟಾದರೂ ಮಣಿಕಟ್ಟು ಮಡಿಯುತ್ತಿದ್ದರೆ ಎಡಗೈ ಕೆಳಗೆ, ಬಲಗೈ ಮೇಲೆ ಹಿಡಿದು ನೋಡಿ. ನಿಯಮದಲ್ಲಿ ಅಡ್ಡಿಯಿಲ್ಲ. ಪಟ್ಟರ್ ಹಿಡಿಯನ್ನು ಹೊಟ್ಟೆಗೋ ಎದೆಗೋ ಊರಿ ಹೊಡೆಯುವುದನ್ನು ಮಾತ್ರ 2016ರಿಂದ ನಿಷೇಧಿಸಿದ್ದಾರೆ.